ತಾಲೂಕಿನ ಉತಾರವೂ ಗಣಕಯಂತ್ರದ ವಿದ್ಯೆಯೂ

ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಪದವಿಗಳನ್ನು ಪಡೆದು, ಮುಂದಿನ ದಾರಿಯನ್ನು ನಿಶ್ಚಯಿಸಲಾರದೆ ನಿಂತಿರುವ ತರುಣ ತರುಣಿಯರು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ತಾಲೂಕು ಊರುಗಳಲ್ಲಿ ಪ್ರತಿವರ್ಷವೂ ಕಾಣಸಿಗುತ್ತಾರೆ. ಅವರಲ್ಲಿ ಹಲವರ ಬಾಯಲ್ಲಿ ಕೇಳಿಬರುವ ಹೆಸರು ಪಿ.ಜಿ.ಡಿ.ಸಿ.ಎ., ಎಂದರೆ ಗಣಕಯಂತ್ರದ ಅನ್ವಯಗಳಲ್ಲಿ ಸ್ನಾತಕೋತ್ತರ ಡಿಪ್ಲೊಮಾ. ಈ ವ್ಯಾಸಂಗವೆಂದರೆ ವೇಗವಾಗಿ ಟೈಪು ಮಾಡುವುದು, ಅರ್ಜಿ ತುಂಬುವುದು, ಬಿಲ್ಲು ತೆಗೆಯುವುದು, ಇಷ್ಟೇ ಎಂದು ಅನೇಕ ತಂದೆತಾಯಿಗಳು ಭಾವಿಸಿರುತ್ತಾರೆ. ಅದೇ ಭಾವನೆಯಿಂದ ಬಂದ ವಿದ್ಯಾರ್ಥಿಗಳು ತರಗತಿಯಲ್ಲಿ ತರ್ಕ, ವರ್ಗೀಕರಣ, ವಿಶ್ಲೇಷಣೆಗಳ ಮಾತು ಕೇಳಿ ಕಂಗೆಡುವುದೂ ಉಂಟು. ಅಲ್ಲಿ ನಿಜವಾಗಿ ಕಲಿಸುವುದೇನು ಎಂಬುದನ್ನು ವಿವರಿಸಲು ಬೆಂಗಳೂರಿನ ಕಂಪನಿಗಳವರೆಗೆ ಹೋಗಬೇಕಾದುದಿಲ್ಲ. ಈ ಮೂರು ತಾಲೂಕುಗಳ ಕಾಗದಪತ್ರಗಳೇ ಅದಕ್ಕೆ ಉತ್ತಮವಾದ ಪಠ್ಯಪುಸ್ತಕವಾಗಬಲ್ಲವು ಎಂಬುದು ನನ್ನ ದೃಢವಾದ ನಂಬಿಕೆ.

ಸಾಮಾನ್ಯವಾಗಿ ಪಿ.ಜಿ.ಡಿ.ಸಿ.ಎ. ಒಂದು ವರ್ಷದ, ಎರಡು ಸೆಮಿಸ್ಟರುಗಳ ವ್ಯಾಸಂಗ. ಯಾವುದೇ ವಿಷಯದ ಪದವೀಧರರು ಸೇರಬಹುದು. ಯಂತ್ರಶಾಸ್ತ್ರವನ್ನು ಓದದವರೂ ಗಣಕವಿದ್ಯೆಯಲ್ಲಿ ಪಳಗಬಹುದೆಂಬ ವಿಚಾರವು ನಮ್ಮ ದೇಶದಲ್ಲಿ ಬೇರೂರಲು ಕಾರಣರಾದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. ಕಾನಪುರದ ಐ.ಐ.ಟಿ.ಯಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿ, ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಆ ವಿದ್ವಾಂಸರ ಚಿಂತನೆಯಿಂದಲೇ ಎಂಬತ್ತರ ದಶಕದಲ್ಲಿ ಎಂ.ಸಿ.ಎ. ಎಂಬ ಸ್ನಾತಕೋತ್ತರ ಪದವಿಯು ರೂಪುಗೊಂಡಿತು. ಆ ಪದವಿಗೆ ಬೇಕಾದಷ್ಟು ಕಾಲವನ್ನೂ ಹಣವನ್ನೂ ವ್ಯಯಿಸಲಾರದವರಿಗೆ ಅದೇ ಜ್ಞಾನದ ಸಾರಾಂಶವನ್ನು ಒದಗಿಸುವುದೇ ಈ ಡಿಪ್ಲೊಮಾದ ಉದ್ದೇಶವೆಂದು ತಿಳಿಯಬಹುದು.

ಮೊದಲ ಸೆಮಿಸ್ಟರಿನಲ್ಲಿ ಯಂತ್ರದ ಅಂಗಾಂಗಗಳ ಪರಿಚಯವಾಗುತ್ತದೆ. ಸಕಲ ಸಂಖ್ಯೆಗಳನ್ನೂ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯುವ ದ್ವಿಮಾನ ಪದ್ಧತಿಯನ್ನು ಕಲಿಸುತ್ತಾರೆ. ಅದರ ಬೆನ್ನಿಗೇ ಬರುವುದು ಪ್ರೋಗ್ರಾಮು ಬರೆಯುವ ಕಲೆ. ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ಎಂಬಾತನು 1972ರ ಸುಮಾರಿಗೆ ರಚಿಸಿದ ‘ಸಿ’ ಭಾಷೆಯನ್ನು ಬಹಳ ಕಡೆ ಈಗಲೂ ಬೋಧಿಸುತ್ತಾರೆ. ಕೆಲವೆಡೆ ಪೈಥಾನ್ ಬಂದಿದೆ. ಭಾಷೆ ಯಾವುದಾದರೂ ಆಗಲಿ, ವಿದ್ಯಾರ್ಥಿಯು ಗಳಿಸಬೇಕಾದ ಸಾಮರ್ಥ್ಯವೊಂದೇ: ತಾನು ಆಲೋಚಿಸದೆ ಅಭ್ಯಾಸಬಲದಿಂದ ಮಾಡುವ ಕೆಲಸವನ್ನು ಹಂತಹಂತವಾಗಿ ಬಿಡಿಸಿ, ಸ್ವಂತ ಬುದ್ಧಿಯೇ ಇಲ್ಲದ ಯಂತ್ರಕ್ಕೆ ತಿಳಿಯುವಂತೆ ಹೇಳುವುದು.

ಇದಕ್ಕೆ ನಮ್ಮ ಭಾಗದ ಉತಾರಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಬೇರೆ ಕಡೆಯವರು ಪಹಣಿ ಎನ್ನುವ ಈ ಪತ್ರದಲ್ಲಿ ಹೊಲದ ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಬರೆದಿರುತ್ತಾರೆ. 40 ಗುಂಟೆಗೆ ಒಂದು ಎಕರೆ. ಒಬ್ಬ ರೈತನಿಗೆ ಒಂದು ಕಡೆ 1 ಎಕರೆ 30 ಗುಂಟೆ, ಇನ್ನೊಂದು ಕಡೆ 2 ಎಕರೆ 25 ಗುಂಟೆ ಇದ್ದರೆ, ಶಾಲೆಯ ಮುಖವನ್ನೇ ಕಾಣದ ಹಿರಿಯನೂ ಒಟ್ಟು 4 ಎಕರೆ 15 ಗುಂಟೆಯೆಂದು ಕುಳಿತಲ್ಲಿಯೇ ಹೇಳಿಬಿಡುತ್ತಾನೆ. ಆದರೆ ಅವೇ ಅಂಕಿಗಳನ್ನು ದಶಮಾಂಶವೆಂದು ಭಾವಿಸಿ ಯಂತ್ರಕ್ಕೆ ಉಣಿಸಿದರೆ 3.55 ಎಂಬ ಅರ್ಥವಿಲ್ಲದ ಉತ್ತರ ಹೊರಬರುತ್ತದೆ. ಆದುದರಿಂದ ವಿದ್ಯಾರ್ಥಿಯು ಮೊದಲು ಎಲ್ಲವನ್ನೂ ಗುಂಟೆಗೆ ಇಳಿಸಬೇಕು: 70 ಮತ್ತು 105, ಕೂಡಿದರೆ 175. ಅದನ್ನು 40ರಿಂದ ಭಾಗಿಸಿದಾಗ ಬರುವ ಭಾಗಲಬ್ಧ 4 ಎಕರೆಯಾಗುತ್ತದೆ, ಉಳಿಯುವ ಶೇಷ 15 ಗುಂಟೆಯಾಗುತ್ತದೆ. ಈ 175 ಎಂಬುದು ಯಂತ್ರದ ಒಳಗೆ 10101111 ಎಂಬ ರೂಪದಲ್ಲಿರುತ್ತದೆಂದು ಅದೇ ಪಾಠದಲ್ಲಿ ತೋರಿಸಿಕೊಟ್ಟರೆ, ದ್ವಿಮಾನ ಪದ್ಧತಿಯು ಕೇವಲ ಪರೀಕ್ಷೆಗೆ ಬಾಯಿಪಾಠ ಮಾಡುವ ವಸ್ತುವಾಗಿ ಉಳಿಯುವುದಿಲ್ಲ. ನಾಲ್ಕೈದು ಸಾಲುಗಳ ಈ ಪ್ರೋಗ್ರಾಮನ್ನು ಯಾರ ನೆರವೂ ಇಲ್ಲದೆ ಬರೆದ ವಿದ್ಯಾರ್ಥಿಯು ಗಣಕವಿದ್ಯೆಯ ಹೊಸ್ತಿಲನ್ನು ದಾಟಿದನೆಂದೇ ಎಣಿಸಬೇಕು.

ಮುಂದಿನ ವಿಷಯವು ದತ್ತಾಂಶಗಳ ರಚನೆ, ವಿದ್ಯಾರ್ಥಿಗಳ ಮಾತಿನಲ್ಲಿ ಡೇಟಾ ಸ್ಟ್ರಕ್ಚರ್. ಒಂದು ಸಂಘದ ಸಾವಿರ ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟರೆ, ಪ್ರತಿಸಲವೂ ನಡುವಿನ ಹೆಸರನ್ನು ನೋಡಿ ಅರ್ಧವನ್ನು ತಳ್ಳಿಹಾಕುತ್ತ ಹೋಗುವ ಕ್ರಮದಿಂದ ಹೆಚ್ಚೆಂದರೆ ಹತ್ತು ಹೋಲಿಕೆಗಳಲ್ಲಿ ಬೇಕಾದವನು ಸಿಗುತ್ತಾನೆ. ಹತ್ತು ಲಕ್ಷ ಹೆಸರುಗಳಿದ್ದರೂ ಇಪ್ಪತ್ತನ್ನು ಮೀರುವುದಿಲ್ಲ. ಮೊದಲು ಬಂದುದು ಮೊದಲು ಹೊರಹೋಗಬೇಕೆಂಬ ಸರದಿಯ ರಚನೆಯೂ ಇಲ್ಲಿಯೇ ಬರುತ್ತದೆ. ಇಂತಹ ರಚನೆಗಳು ಎಂತಹ ಸಾಮಾಜಿಕ ಫಲವನ್ನು ಕೊಡಬಲ್ಲವೆಂಬುದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಸಾಕ್ಷಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ ಆ ಯೋಜನೆಯಿಂದ, ತಲಾಟಿಯ ಮನೆಬಾಗಿಲಿಗೆ ಅಲೆಯುತ್ತಿದ್ದ ರೈತನು ತಾಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ಉತಾರವನ್ನು ಪಡೆಯುವಂತಾಯಿತು. ಅಷ್ಟೇ ಮಹತ್ತ್ವದ ಇನ್ನೊಂದು ಸಂಗತಿಯೆಂದರೆ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಇತ್ಯರ್ಥ ಮಾಡಬೇಕೆಂಬ ಕಟ್ಟಳೆಯನ್ನು ಆ ತಂತ್ರಾಂಶದಲ್ಲಿಯೇ ಅಳವಡಿಸಿದರು. ಪಠ್ಯಪುಸ್ತಕದ ಅರ್ಧ ಪುಟದ ಒಂದು ವಿಚಾರವು ವಶೀಲಿಯಿಲ್ಲದ ಬಡ ರೈತನ ಸರದಿಯನ್ನು ಕಾಯುವ ಕಾವಲಾಯಿತೆಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಹೇಳದೆ ಬಿಡಬಾರದು.

ಇಡೀ ವ್ಯಾಸಂಗದಲ್ಲಿ ಅತ್ಯಂತ ಉಪಯುಕ್ತವಾದ ವಿಷಯ ಯಾವುದೆಂದು ಕೇಳಿದರೆ ನಾನು ದತ್ತಸಂಚಯವನ್ನು, ಎಂದರೆ ಡೇಟಾಬೇಸನ್ನು ಹೆಸರಿಸುವೆನು. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞನು 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಎಲ್ಲ ಮಾಹಿತಿಯನ್ನೂ ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡಬಹುದೆಂದು ಪ್ರತಿಪಾದಿಸಿದನು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಎರಡು ಕಡೆ ಬರೆಯಕೂಡದು ಎಂಬುದು ಈ ಶಾಸ್ತ್ರದ ಜೀವಾಳ. ಇದರ ಬೆಲೆ ಏನೆಂಬುದನ್ನು ಮೂಡಲಗಿಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಮೂಡಲಗಿಯು ಪ್ರತ್ಯೇಕ ತಾಲೂಕಾದಾಗ, ಕಲ್ಲೋಳಿಯಂತಹ ಊರುಗಳ ತಾಲೂಕಿನ ಹೆಸರೇ ಬದಲಾಯಿತು. ಪ್ರತಿಯೊಬ್ಬ ರೈತನ, ಪ್ರತಿಯೊಬ್ಬ ಪಡಿತರದಾರನ, ಪ್ರತಿಯೊಬ್ಬ ವಿದ್ಯಾರ್ಥಿಯ ದಾಖಲೆಯಲ್ಲಿಯೂ ತಾಲೂಕಿನ ಹೆಸರನ್ನು ಮತ್ತೆ ಮತ್ತೆ ಬರೆದಿಟ್ಟಿದ್ದ ಕಡೆಯಲ್ಲಿ ಅದನ್ನು ಸಾವಿರಾರು ಸಲ ತಿದ್ದಬೇಕು. ತಿದ್ದುವಾಗ ನೂರಾರು ತಪ್ಪಿಹೋಗುತ್ತವೆ. ಜನರ ದಾಖಲೆಯಲ್ಲಿ ಊರಿನ ಸಂಕೇತವನ್ನು ಮಾತ್ರ ಇಟ್ಟು, ಊರು ಯಾವ ತಾಲೂಕಿಗೆ ಸೇರಿದುದೆಂಬುದನ್ನು ಪ್ರತ್ಯೇಕ ಕೋಷ್ಟಕದಲ್ಲಿ ಬರೆದಿದ್ದರೆ, ಊರಿಗೊಂದು ತಿದ್ದುಪಡಿಯಿಂದ ಕೆಲಸ ಮುಗಿಯುತ್ತದೆ. ಇದನ್ನೇ ನಾರ್ಮಲೈಜೇಶನ್ ಎಂಬ ಹೆಸರಿನಲ್ಲಿ ಬೋಧಿಸುತ್ತಾರೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವ ವಿಷಯಗಳಲ್ಲಿ ಇದೂ ಒಂದು. ಎಡವುವುದಕ್ಕೆ ಕಾರಣ ಬುದ್ಧಿಮಾಂದ್ಯವಲ್ಲ, ಪುಸ್ತಕದಲ್ಲಿ ಕೊಟ್ಟಿರುವ ಉದಾಹರಣೆಗಳು ಯಾವುದೋ ಪರದೇಶದ ಕಂಪನಿಯವಾಗಿರುವುದು.

ದತ್ತಸಂಚಯದ ಇನ್ನೊಂದು ತತ್ತ್ವವಾದ ವ್ಯವಹಾರದ ಅಖಂಡತೆಗೆ ಹುಕ್ಕೇರಿಯಲ್ಲಿಯೇ ನಿದರ್ಶನವುಂಟು. ಬೆಳಗಾವಿ ಜಿಲ್ಲೆಯ ಉಳಿದ ಭಾಗಕ್ಕೆ ಹೆಸ್ಕಾಂ ವಿದ್ಯುತ್ತನ್ನು ಹಂಚುತ್ತಿರುವಾಗ, ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಆ ಕಾರ್ಯವನ್ನು ತಾನೇ ನಡೆಸಿಕೊಂಡು ಬಂದಿದೆ. ಜನರೇ ಒಡೆಯರಾದ ಇಂತಹ ಸಂಸ್ಥೆಯು ದೇಶದಲ್ಲಿಯೇ ವಿರಳ. ಅಂತಹ ಸಂಘದ ಕಿಟಕಿಯಲ್ಲಿ ಗ್ರಾಹಕನು ಬಿಲ್ಲಿನ ಹಣ ಕಟ್ಟಿದನೆಂದು ಭಾವಿಸೋಣ. ಅವನ ಬಾಕಿಯಲ್ಲಿ ಅಷ್ಟು ಹಣ ಇಳಿಯಬೇಕು, ಸಂಘದ ಜಮೆಯಲ್ಲಿ ಅಷ್ಟೇ ಹಣ ಏರಬೇಕು. ಮೊದಲನೆಯದು ನಡೆದು, ಎರಡನೆಯದು ನಡೆಯುವ ಮೊದಲೇ ಯಂತ್ರವು ಸ್ತಬ್ಧವಾದರೆ ಲೆಕ್ಕವು ಕೆಟ್ಟಿತು. ಆದಕಾರಣ ಎರಡೂ ನಡೆಯಬೇಕು, ಇಲ್ಲವೇ ಎರಡೂ ನಡೆಯಕೂಡದು. ಕರೆಂಟು ಹೋಗಿಬರುವ ಊರುಗಳಲ್ಲಿ ಬೆಳೆದ ಹುಡುಗರಿಗೆ ಈ ನಿಯಮದ ಅವಶ್ಯಕತೆ ಕ್ಷಣದಲ್ಲಿ ಮನದಟ್ಟಾಗುತ್ತದೆ.

ಉಳಿದ ವಿಷಯಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಒಂದೇ ಯಂತ್ರದಲ್ಲಿ ಹಲವು ಕೆಲಸಗಳು ಒಂದನ್ನೊಂದು ತುಳಿಯದಂತೆ ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಮ್, ಯಂತ್ರಗಳನ್ನು ಬೆಸೆಯುವ ನೆಟ್‌ವರ್ಕ್, ಜಾಲತಾಣಗಳನ್ನು ರಚಿಸುವ ವಿಧಾನ, ವಾಣಿಜ್ಯ ಲೆಕ್ಕಕ್ಕೆ ಟ್ಯಾಲಿ, ಪತ್ರವ್ಯವಹಾರಕ್ಕೂ ಕೋಷ್ಟಕಗಳಿಗೂ ಬೇಕಾದ ಆಫೀಸ್ ತಂತ್ರಾಂಶಗಳು, ಇವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಇರುತ್ತವೆ. ಟ್ಯಾಲಿಯನ್ನು ಕಲಿತವನಿಗೆ ದಲಾಲಿ ಅಂಗಡಿಯಲ್ಲಿಯೋ ಲೆಕ್ಕ ಪರಿಶೋಧಕರಲ್ಲಿಯೋ ಬೇಗ ಕೆಲಸ ಸಿಗಬಹುದು, ನಿಜ. ಆದರೆ ಅದೊಂದನ್ನೇ ಕಲಿಯಲು ಸ್ನಾತಕೋತ್ತರ ವ್ಯಾಸಂಗ ಬೇಕಿಲ್ಲ.

ಪಠ್ಯಕ್ರಮಗಳಲ್ಲಿ ಬಹುಮಟ್ಟಿಗೆ ಕಾಣದಿರುವ, ಆದರೆ ಇರಲೇಬೇಕಾಗಿದ್ದ ವಿಷಯವೊಂದಿದೆ: ಗಣಕದಲ್ಲಿ ಕನ್ನಡ. ಇಂಗ್ಲಿಷಿಗೆಂದು ಏರ್ಪಡಿಸಿದ ಆಸ್ಕಿ ಸಂಕೇತಾವಳಿಯಲ್ಲಿ ಇದ್ದುದು 128 ಸ್ಥಾನಗಳು ಮಾತ್ರ. 1991ರಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ಯೂನಿಕೋಡ್ ಲೋಕದ ಲಿಪಿಗಳಿಗೆಲ್ಲ ಸ್ಥಾನ ಕಲ್ಪಿಸುತ್ತ, ಕನ್ನಡಕ್ಕೇ 128 ಸ್ಥಾನಗಳನ್ನು ಮೀಸಲಿಟ್ಟಿತು. ಅಲ್ಲಿ ಅಕ್ಷರಗಳನ್ನು ಇಡುವ ಕ್ರಮವು ನಮ್ಮ ವ್ಯಾಕರಣದ ಗುಣಿತಾಕ್ಷರ, ಒತ್ತಕ್ಷರಗಳ ವಿಚಾರವನ್ನೇ ಅನುಸರಿಸುತ್ತದೆ. ಗೋಕಾಕ ಎಂಬುದು ಕಣ್ಣಿಗೆ ಮೂರು ಅಕ್ಷರ. ಯಂತ್ರದಲ್ಲಿ ಗಕಾರ, ಓತ್ವ, ಕಕಾರ, ದೀರ್ಘ, ಕಕಾರ ಎಂದು ಐದು ಸಂಕೇತಗಳು. ಮೂಡಲಗಿಯ ನಾಲ್ಕು ಅಕ್ಷರಗಳು ಆರು ಸಂಕೇತಗಳಾಗುತ್ತವೆ. ಹುಕ್ಕೇರಿಯಲ್ಲಿ ಒತ್ತಕ್ಷರವಿರುವುದರಿಂದ, ಎರಡು ಕಕಾರಗಳ ನಡುವೆ ಸ್ವರವನ್ನು ಅಳಿಸುವ ಹಲಂತದ ಗುರುತೂ ಸೇರಿ, ಮೂರೇ ಅಕ್ಷರಗಳಿಗೆ ಎಂಟು ಸಂಕೇತಗಳಾಗುತ್ತವೆ. ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆಯೆಂದು ಎಣಿಸುವ ಸಾಮಾನ್ಯ ಪ್ರೋಗ್ರಾಮನ್ನು ಬರೆದ ವಿದ್ಯಾರ್ಥಿಯು ಹುಕ್ಕೇರಿಗೆ ಎಂಟೆಂಬ ಉತ್ತರವನ್ನು ಕಂಡು ತಬ್ಬಿಬ್ಬಾದರೆ, ಅಂದಿನ ಪಾಠ ಸಾರ್ಥಕವಾಯಿತು.

ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ತಂತ್ರಾಂಶಗಳು ಅಕ್ಷರದ ತುಣುಕುಗಳನ್ನು ಇಂಗ್ಲಿಷಿನ ಸಂಕೇತಗಳ ಮೇಲೆ ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವುಗಳಿಂದ ಕನ್ನಡವು ಕಚೇರಿಯ ಮೇಜನ್ನು ಸೇರಿತೆಂಬ ಉಪಕಾರವನ್ನು ಮರೆಯಲಾಗದು. ಆದರೆ ಆ ಕಾಲದ ಕಡತಗಳನ್ನು ಇಂದು ಪರಿವರ್ತಿಸುವಾಗ, ಕರ್ನಾಟಕ ಎಂಬಲ್ಲಿಯ ಅರ್ಕಾವತ್ತು ತನ್ನ ಸ್ಥಾನವನ್ನು ಬಿಟ್ಟು ನಕಾರದ ನಂತರ ಹೋಗಿ ನಿಲ್ಲುವ ವಿಕಾರವನ್ನು ನಾವೆಲ್ಲರೂ ಕಂಡಿದ್ದೇವೆ. ಇದು ಏಕೆ ಹೀಗಾಗುತ್ತದೆಂದು ತಿಳಿದು ಸರಿಪಡಿಸಬಲ್ಲ ಪದವೀಧರರು ಪ್ರತಿ ತಾಲೂಕಿನಲ್ಲಿಯೂ ಇದ್ದಿದ್ದರೆ, ಎಷ್ಟೋ ಹಳೆಯ ದಾಖಲೆಗಳು ಓದಲು ಬರುವ ಸ್ಥಿತಿಯಲ್ಲಿ ಉಳಿಯುತ್ತಿದ್ದವು.

ಎರಡನೆಯ ಸೆಮಿಸ್ಟರಿನ ಕೊನೆಗೆ ಪ್ರಾಜೆಕ್ಟು ಬರುತ್ತದೆ. ಒಂದು ಕಚೇರಿಯ ಕಾರ್ಯವಿಧಾನವನ್ನು ಅಭ್ಯಸಿಸಿ, ಅಲ್ಲಿಯ ಮಾಹಿತಿಯು ಎಲ್ಲಿಂದ ಹೊರಟು ಎಲ್ಲಿಗೆ ಹರಿಯುತ್ತದೆಂಬ ನಕ್ಷೆಯನ್ನು ಬರೆದು, ತಕ್ಕ ತಂತ್ರಾಂಶವನ್ನು ರಚಿಸಿ ಪರೀಕ್ಷಿಸಿ ತೋರಿಸತಕ್ಕದ್ದೆಂಬುದು ನಿಯಮ. ಸಿದ್ಧವಾದ ಪ್ರಾಜೆಕ್ಟುಗಳನ್ನು ದುಡ್ಡು ಕೊಟ್ಟು ತಂದು ಬೈಂಡು ಹಾಕಿಸಿ ಒಪ್ಪಿಸುವ ಅಭ್ಯಾಸವು ನಾಡಿನ ಎಲ್ಲೆಡೆ ಹಬ್ಬಿರುವುದನ್ನು ಕಂಡು ನನಗೆ ಬಹಳ ವ್ಯಥೆಯಾಗುತ್ತದೆ. ವರ್ಷವೆಲ್ಲ ಕಲಿತುದನ್ನು ಬಳಸಿನೋಡುವ ಏಕಮಾತ್ರ ಅವಕಾಶವನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಚೆಲ್ಲಿಕೊಳ್ಳುತ್ತಾನೆ. ಊರೂರಿನ ಪತ್ತಿನ ಸಹಕಾರಿ ಸಂಘಗಳಲ್ಲಿ ನಡೆಯುವ ಪಿಗ್ಮಿ ಸಂಗ್ರಹವನ್ನೇ ತೆಗೆದುಕೊಳ್ಳಿ. 1928ರಲ್ಲಿ ಆಗಿನ ದಕ್ಷಿಣ ಕನ್ನಡದಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಸಂಸ್ಥೆಯು ಆರಂಭಿಸಿದ ಈ ಪದ್ಧತಿಯು ಇಂದು ಗೋಕಾಕದ ಪೇಟೆಯ ಚಿಕ್ಕ ಅಂಗಡಿಕಾರನ ನಿತ್ಯದ ಉಳಿತಾಯವಾಗಿದೆ. ಪಿಗ್ಮಿ ಏಜೆಂಟನ ಜೊತೆಗೆ ಒಂದು ಸಂಜೆ ಪೇಟೆಯಲ್ಲಿ ನಡೆದಾಡಿದ ವಿದ್ಯಾರ್ಥಿಗೆ ಯಾವ ಪುಸ್ತಕದಲ್ಲಿಯೂ ಇಲ್ಲದ ಪ್ರಶ್ನೆಗಳು ಎದುರಾಗುತ್ತವೆ: ಖಾತೆ ಹೆಂಡತಿಯ ಹೆಸರಿನಲ್ಲಿದ್ದು ಹಣ ಕೊಡುವವನು ಗಂಡನಾದರೆ ಏನು ಬರೆಯಬೇಕು? ಅಮಾವಾಸ್ಯೆಗೆ ಅಂಗಡಿ ಮುಚ್ಚಿದವನು ಮರುದಿನ ಎರಡು ದಿನದ್ದನ್ನು ಕೂಡಿಸಿ ಕೊಟ್ಟರೆ ಅದು ಒಂದು ಜಮೆಯೋ ಎರಡೋ? ಅವಧಿಗೆ ಮೊದಲೇ ಹಣ ಬೇಕೆಂದವನ ಬಡ್ಡಿಯನ್ನು ಎಲ್ಲಿಂದ ಎಣಿಸಬೇಕು? ಇವುಗಳಿಗೆ ಸಂಘದ ಗುಮಾಸ್ತನಿಂದ ಉತ್ತರವನ್ನು ಕೇಳಿ ತಿಳಿದು, ಕ್ರಮವಾಗಿ ಬರೆದುಕೊಳ್ಳುವುದಕ್ಕೇ ಸಿಸ್ಟಮ್ ಅನಾಲಿಸಿಸ್ ಎಂದು ಹೆಸರು.

ಕನ್ನಡ ಮಾಧ್ಯಮದಿಂದ ಬಂದ ಬಿ.ಎ. ಪದವೀಧರನಿಗೆ ಇಂಗ್ಲಿಷ್ ಪುಸ್ತಕಗಳು ಅಡ್ಡಗೋಡೆಯಾಗಿ ತೋರುವುದು ಸಹಜ. ಅಧ್ಯಾಪಕರು ಪರಿಭಾಷೆಯನ್ನು ಇಂಗ್ಲಿಷಿನಲ್ಲಿಯೇ ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಕೊಟ್ಟರೆ, ಕೆಲವು ತಿಂಗಳುಗಳಲ್ಲಿ ಆ ಭಯವು ಕರಗುತ್ತದೆ. ಸೇರುವ ಮೊದಲು ವಿಚಾರಿಸಬೇಕಾದ ಮಾತು ಬೇರೆಯೇ ಇದೆ. ಇದೇ ಹೆಸರಿನ ಪ್ರಮಾಣಪತ್ರವನ್ನು ಖಾಸಗಿ ತರಬೇತಿ ಕೇಂದ್ರಗಳೂ ಕೊಡುತ್ತವೆ, ವಿಶ್ವವಿದ್ಯಾಲಯಗಳೂ ಕೊಡುತ್ತವೆ. ನೇಮಕಾತಿಯ ಸಮಯದಲ್ಲಿ ಇವೆರಡಕ್ಕೂ ಒಂದೇ ಬೆಲೆ ಸಿಕ್ಕೀತೆಂದು ನಂಬಬಾರದು. ಹಣ ಕಟ್ಟುವ ಮೊದಲು ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಮುದ್ರೆಯಿರುತ್ತದೆ, ಪಠ್ಯಕ್ರಮದ ಪ್ರತಿ ಎಲ್ಲಿದೆ, ಪ್ರಯೋಗಶಾಲೆಯಲ್ಲಿ ಒಬ್ಬೊಬ್ಬರಿಗೆ ವಾರಕ್ಕೆ ಎಷ್ಟು ಗಂಟೆ ಯಂತ್ರ ದೊರೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಮೂರನೆಯದಕ್ಕೆ ಬರುವ ಉತ್ತರವನ್ನು ಪ್ರಯೋಗಶಾಲೆಯ ಒಳಹೊಕ್ಕು ಕಣ್ಣಾರೆ ನೋಡಿಯೇ ಒಪ್ಪಬೇಕು.