ಫುಟ್ ಸಾಹೇಬರು ಬಿಟ್ಟುಹೋದ ಮಣ್ಣು

ಹೇಮಾವತಿ: ನಮ್ಮ ನೊಳಂಬರ ಕಾಲದ ಕೆಲವು ಒಳ್ಳೊಳ್ಳೆ ಕಂಬ, ವಿಗ್ರಹ ನೋಡಬೇಕಂದ್ರೆ ಚೆನ್ನೈ ಮ್ಯೂಸಿಯಮ್ಮಿಗೇ ಹೋಗಬೇಕು. ದೂರವಾದರೇನು, ಇವೆಯಲ್ಲ! ಬೇತಂಚೆರ್ಲ ಗವಿಗಳಿಂದ ಹೋದ ಸಾಮಾನಿಗೆ ಆ ಭಾಗ್ಯವೂ ಇಲ್ಲ.

ಬೇತಂಚೆರ್ಲ ಅಂದರೆ ನಮ್ಮ ಜನಕ್ಕೆ ನೆಲಕ್ಕೆ ಹಾಸುವ ಬಂಡೆಯ ಊರು. ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ. ಅದರ ಹತ್ತಿರದ ಸುಣ್ಣಕಲ್ಲಿನ ಗುಡ್ಡದಲ್ಲಿ ಬಿಲ್ಲಸುರ್ಗಂ ಗವಿಗಳಿವೆ. ಅಲ್ಲಿ ಸಿಕ್ಕ ಮೂಳೆಗಳ ಬಗ್ಗೆ ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಬರೆದಿದ್ದರು. ನಲವತ್ತು ವರ್ಷದ ಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್, ಅವರ ಹಿಂದೆಯೇ ಸೈನ್ಯದಲ್ಲಿದ್ದ ಮಗ ಹೆನ್ರಿ, ಗವಿಗಳನ್ನು ಅಗೆಸಿದರು. ಒಂದೊಂದು ಗವಿಗೂ ಇಂಗ್ಲಿಷ್ ಹೆಸರಿಟ್ಟರು. ಮೂಳೆ ತುಂಬಿದ್ದ ಒಂದಕ್ಕೆ ‘ಚಾರ್ನೆಲ್ ಹೌಸ್’, ಅಂದರೆ ಎಲುಬಿನ ಮನೆ. ಮನುಷ್ಯ ಕೆತ್ತಿದ ಮೂಳೆ ಆಯುಧಗಳು ಸಿಕ್ಕವು, ಯುರೋಪಿನ ಹಿಮಯುಗದವುಗಳಂತೆಯೇ ಇವೆ ಎಂದರು. ಆಮೇಲೆ ಆ ಆಯುಧಗಳೇ ಕಳೆದುಹೋದವು. ನೂರು ವರ್ಷ ವಿದ್ವಾಂಸರು ಕಣ್ಣಿಗೆ ಕಾಣದ ವಸ್ತುವಿನ ಮೇಲೆ ವಾದ ಮಾಡಿದ್ದೇ ಆಯಿತು.

ನಡುವೆ ಎಂ.ಎಲ್.ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಅಗೆದು ಮೂಳೆ ಆಯುಧ, ಬೆಂಕಿ ಉರಿಸಿದ ಒಲೆ ಎರಡನ್ನೂ ಕಂಡರು. ಒಲೆಗೆ ಸುಮಾರು 17,000 ವರ್ಷ. (ಗವಿ ಅನ್ನೋ ಮಾತು ನಮಗೂ ಅವರಿಗೂ ಒಂದೇ ನೋಡಿ. ಚಿಂತಮಾನು ಹುಣಸೆಮರ ಅಂತ ಇಲ್ಲಿ ಯಾರಿಗೆ ಹೇಳಬೇಕು!)

ಫುಟ್ ಅವರು ಎಲ್ಲ ಮಣ್ಣನ್ನೂ ತೆಗೆದಿರಲಿಲ್ಲ, ಅದೇ ಪುಣ್ಯ. ಧಾರವಾಡ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು ಉಳಿದ ಮಣ್ಣನ್ನು ಪದರ ಪದರವಾಗಿ ಬಿಡಿಸಿದರು. ಮರಳಿನ ಕಾಳು ಕೊನೆಗೆ ಬಿಸಿಲು ಕಂಡದ್ದು ಯಾವಾಗ ಅಂತ ಈಗ ಲೆಕ್ಕ ಹಾಕಬಹುದು. ಗವಿಯ ಮಣ್ಣಿಗೆ ಮೊದಲ ಸಲ ವಯಸ್ಸು ಗೊತ್ತಾಗಿದ್ದು ಹಾಗೆ, 2010ರಲ್ಲಿ ಪ್ರಕಟವಾಯಿತು. 2014ರ ವರದಿ ಇನ್ನೂ ಸೋಜಿಗ: ಎರಡು ಲಕ್ಷ ವರ್ಷದ ಮಣ್ಣಿನಲ್ಲಿ ಗುರುತು ಹಿಡಿದ 21 ಬಗೆಯ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲ ಈ ದೇಶದ ನೆಲದಲ್ಲಿ ಬಾಳಿಕೊಂಡು ಬಂದಿವೆ. ಮಳೆ ಎಷ್ಟು ಸಲ ಕೈಕೊಟ್ಟಿತೋ! ಕಾಡು, ಹುಲ್ಲುಗಾವಲು, ನೀರಿನ ಆಸರೆ ಒಂದಕ್ಕೊಂದು ಹೊಂದಿಕೊಂಡಿದ್ದರಿಂದ ಪ್ರಾಣಿಗಳು ಉಳಿದವು ಎಂಬುದು ಅವರ ಅಂದಾಜು.

ಇದೇ ತಂಡ ಹತ್ತಿರದ ಜ್ವಾಲಾಪುರದಲ್ಲಿ, ಸುಮಾತ್ರದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷದ ಹಿಂದೆ ಉಗುಳಿದ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧ ಕಂಡಿದೆ. ಆ ಬೂದಿಯನ್ನು ಊರಿನವರು ಅಗೆದು ಸೋಪಿನ ಪುಡಿಗೆಂದು ಮಾರಿದ್ದರು. ಮಾರಿದವರನ್ನು ಬೈಯಲಾರೆ, ಹೊಟ್ಟೆಪಾಡು. ಆದರೆ ಎರಡು ಲಕ್ಷ ವರ್ಷದ ಲೆಕ್ಕ ಕೊಟ್ಟದ್ದು ಫುಟ್ ಅವರ ಕೈಗೆ ಸಿಗದೆ ಉಳಿದ ಮಣ್ಣು. ಪುಡಿ ಡಬ್ಬಿಗೆ ಹೋದ ಬೂದಿಯನ್ನು ಮತ್ತೆ ಅಗೆಯೋಕೆ ಬರುವುದಿಲ್ಲ.