ಮಳೆಯ ನಾಡಿನಿಂದ ಮರಳ ನಾಡಿಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಬೇಕು. ಈ ಮೂರು ತಾಲ್ಲೂಕುಗಳಲ್ಲಿ ಎಲ್ಲೂ ರೈಲು ಹಳಿಯಿಲ್ಲ. ತಿರುವು ದಾರಿಯಲ್ಲಿ ಶಿವಮೊಗ್ಗಕ್ಕೋ ಕಡೂರಿಗೋ ಬೀರೂರಿಗೋ ಬಂದ ಮೇಲಷ್ಟೇ ಹಳಿಯ ದರ್ಶನ. ಆದರೆ ಬೀರೂರಿನ ಹಳಿಗೆ ಒಂದು ವಿಶೇಷವಿದೆ. ಬೆಂಗಳೂರಿನಿಂದ ಜೋಧಪುರಕ್ಕೆ ಹೋಗುವ ರೈಲು ಸಾಗುವುದು ಇದೇ ಹಳಿಯ ಮೇಲೆ. ಹುಬ್ಬಳ್ಳಿ, ಬೆಳಗಾವಿ, ಪುಣೆ, ಸೂರತ್, ಅಹಮದಾಬಾದ್ ದಾಟಿ ಅದು ಥಾರ್ ಮರುಭೂಮಿಯ ಬಾಗಿಲಿಗೆ ತಲುಪುತ್ತದೆ. ದೂರ ಸುಮಾರು ಎರಡು ಸಾವಿರ ಕಿ.ಮೀ. ಜೋಧಪುರದಿಂದ ಜೈಸಲ್ಮೇರಿಗೆ ಬೇರೆ ರೈಲಿನಲ್ಲಿ ಇನ್ನೂ ಮುನ್ನೂರು ಕಿ.ಮೀ.

ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಬೀಳುತ್ತದೆ. ಜೈಸಲ್ಮೇರಿಗೆ ಬೀಳುವುದು 200 ಮಿ.ಮೀ. ಆಸುಪಾಸು. ಆಷಾಢದಲ್ಲಿ ಜಡಿ ಹಿಡಿದರೆ ಮಲೆನಾಡು ನಾಲ್ಕೈದು ದಿನಗಳಲ್ಲಿ ನೋಡಿಬಿಡುವ ಮಳೆ ಅಲ್ಲಿಗೆ ಇಡೀ ವರ್ಷದ ಬಾಳು. ಈ ಎರಡು ತುದಿಗಳ ನಡುವೆ ಓಡುವ ರೈಲಿನ ಕಿಟಕಿ ಎಂದರೆ ತೆರೆದಿಟ್ಟ ಭೂಗೋಳದ ಪುಸ್ತಕ. ಕ್ಯಾಮೆರಾ ಹಿಡಿದು ಕೂತ ವಿದ್ಯಾರ್ಥಿ ಮೊದಲು ತಿಳಿಯಬೇಕಾದದ್ದು ಇಷ್ಟೆ: ಚಿತ್ರ ತೆಗೆಯಬೇಕಾದದ್ದು ಮರುಭೂಮಿಯನ್ನಲ್ಲ, ಮರುಭೂಮಿಯಾಗುತ್ತ ಹೋಗುವ ನೆಲವನ್ನು.

ಹಾಗೆ ನೋಡಿದರೆ ಕ್ಯಾಲೆಂಡರಿನಲ್ಲಿ ಕಾಣುವ ಮರಳಿನ ದಿಬ್ಬಗಳು ರೈಲಿನಿಂದ ಎಲ್ಲೆಂದರಲ್ಲಿ ಕಾಣುವುದಿಲ್ಲ. ಪ್ರವಾಸಿಗರು ನೋಡುವ ಸಮ್ ದಿಬ್ಬಗಳಿರುವುದು ಜೈಸಲ್ಮೇರಿನಿಂದ ಸುಮಾರು 40 ಕಿ.ಮೀ. ಆಚೆ. ಫಲೋದಿ, ರಾಮದೇವ್ರಾ, ಪೋಖ್ರಾಣ್ ನಿಲ್ದಾಣಗಳ ದಾರಿಯಲ್ಲಿ ಹೆಚ್ಚಾಗಿ ಕಾಣುವುದು ಕಲ್ಲುಗರಸು ನೆಲ, ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ಮರ. ನಿರಾಶರಾಗಿ ಕ್ಯಾಮೆರಾ ಕೆಳಗಿಡುವ ಮುನ್ನ ಆ ಮರವನ್ನು ಗಮನಿಸಬೇಕು. ಅಲ್ಲಿಯವರು ಖೇಜ್ರಿ ಎನ್ನುವ ಅದು ಬೇರಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿ. ಅದನ್ನು ಕಡಿಯಲು ಬಂದವರನ್ನು ತಡೆದು 1730ರಲ್ಲಿ ಜೋಧಪುರದ ಬಳಿಯ ಖೇಜರ್ಲಿ ಗ್ರಾಮದಲ್ಲಿ ಅಮೃತಾದೇವಿ ಮೊದಲಾದ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರೆಂದು ಅಲ್ಲಿನ ಜನ ಇಂದಿಗೂ ನೆನೆಯುತ್ತಾರೆ. ಇದನ್ನು ತಿಳಿದು ತೆಗೆದ ಒಂಟಿ ಮರದ ಚಿತ್ರಕ್ಕೂ ತಿಳಿಯದೆ ತೆಗೆದ ಚಿತ್ರಕ್ಕೂ ಅಜಗಜಾಂತರ.

ಇನ್ನು ಕೈಚಳಕದ ಮಾತು. ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಕ್ಯಾಮೆರಾದ ಕಣ್ಣು ಸೆಕೆಂಡಿನ ಅರವತ್ತನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ರೈಲು ಸುಮಾರು 46 ಸೆಂ.ಮೀ. ಮುಂದೆ ಹೋಗಿರುತ್ತದೆ. ಸಾವಿರದ ಒಂದು ಭಾಗವಾದರೆ ಮೂರು ಸೆಂ.ಮೀ. ಕೂಡ ಇಲ್ಲ. ಹಳಿ ಪಕ್ಕದ ಕಂಬ ಕಲಸಿಹೋಗಿ ದೂರದ ಗುಡ್ಡ ಸ್ಪಷ್ಟವಾಗಿ ಮೂಡುವ ಗುಟ್ಟೂ ಇಲ್ಲೇ ಇದೆ. ಹತ್ತಿರದ್ದು ಕಣ್ಣೆದುರು ಬೇಗ ಸರಿಯುತ್ತದೆ, ದೂರದ್ದು ನಿಧಾನ.

ಮಲೆನಾಡಿನ ಕಾಡಿನಲ್ಲಿ ಬೆಳಕು ಸಾಲದು ಎಂಬ ಚಿಂತೆ. ಮರುಭೂಮಿಯಲ್ಲಿ ಬೆಳಕು ಜಾಸ್ತಿಯಾಯಿತೆಂಬ ಚಿಂತೆ. ಹೊಳೆಯುವ ಬಿಳಿ ನೆಲ ಕಂಡು ಕ್ಯಾಮೆರಾ ಮೋಸಹೋಗುತ್ತದೆ, ಚಿತ್ರವನ್ನು ಬೇಕಾದ್ದಕ್ಕಿಂತ ಕಪ್ಪಾಗಿಸುತ್ತದೆ. ಆಗ ಬೆಳಕನ್ನು ತುಸು ಹೆಚ್ಚಿಸಬೇಕು. ಅಹಮದಾಬಾದಿನ ಮುಂದೆ ರೈಲು ಬಹುಮಟ್ಟಿಗೆ ಉತ್ತರದ ಕಡೆ ಓಡುತ್ತದೆ. ಬೆಳಿಗ್ಗೆ ಬಲಗಡೆಯ ಕಿಟಕಿಯಲ್ಲಿ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಎಡಗಡೆ ಕೂತವರಿಗೆ ಅದೇ ಬೆಳಕು ಬೆನ್ನ ಹಿಂದಿನಿಂದ ಬಂದು ನೆಲದ ಮೇಲೆ ಹಾಸುತ್ತದೆ. ಸಂಜೆ ಇದು ತಿರುಗುಮುರುಗು. ಎ.ಸಿ. ಬೋಗಿಯ ಗಾಜಿನಲ್ಲಿ ತಮ್ಮದೇ ಮುಖ ಮೂಡದಂತೆ ಕ್ಯಾಮೆರಾವನ್ನು ಗಾಜಿಗೆ ಒತ್ತಿ ಹಿಡಿದು ಸುತ್ತ ಕಪ್ಪು ಬಟ್ಟೆ ಹಾಕಿದರೆ ಸಾಕು.

ಮರುಭೂಮಿಯ ರೈಲಿಗೆ ಮರುಳಾದವರಲ್ಲಿ ಸತ್ಯಜಿತ್ ರಾಯ್ ಕೂಡ ಒಬ್ಬರು. 1974ರ ಅವರ ಮಕ್ಕಳ ಚಿತ್ರ ‘ಸೋನಾರ್ ಕೆಲ್ಲಾ’ದಲ್ಲಿ ಒಂಟೆಯೇರಿದವರು ಹೊಗೆಯುಗುಳುವ ರೈಲನ್ನು ಬೆನ್ನಟ್ಟುವ ದೃಶ್ಯ ಇಂದಿಗೂ ಮಾತಾಗುತ್ತದೆ. ಅಲ್ಲಿ ಕ್ಯಾಮೆರಾ ಇದ್ದದ್ದು ರೈಲಿನ ಹೊರಗೆ. ಸಿನಿಮಾದವರಿಗೆ ಅದಕ್ಕೆ ಏರ್ಪಾಟು ಇರುತ್ತದೆ, ವಿದ್ಯಾರ್ಥಿಗಳಿಗೆ ಇರುವುದಿಲ್ಲ. ತಂದೆತಾಯಿಯರು ಹೊರಡುವ ಮುನ್ನವೇ ಖಡಾಖಂಡಿತವಾಗಿ ಹೇಳಬೇಕಾದ ಮಾತು ಇದು: ಬಾಗಿಲಲ್ಲಿ ಜೋತು, ಕಿಟಕಿಯಾಚೆ ಕೈಚಾಚಿ, ಹಳಿಯ ಮೇಲೆ ನಿಂತು ತೆಗೆಯುವ ಚಿತ್ರ ಬೇಡವೇ ಬೇಡ. ಎಚ್ಚರಿಸಿದರೂ ಕೇಳದೆ ಮೆಟ್ಟಿಲಲ್ಲಿ ಪ್ರಯಾಣ ಮಾಡುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಮೂರು ತಿಂಗಳವರೆಗಿನ ಸಜೆಗೆ ದಾರಿ. ಕಾಯ್ದೆಯ ಮಾತಿರಲಿ, ಎದುರು ಬರುವ ಕಂಬಕ್ಕೆ ಕರುಣೆಯಿಲ್ಲ.

ದುಬಾರಿ ಕ್ಯಾಮೆರಾ ಬೇಕೆಂದೇನೂ ಇಲ್ಲ, ಮೊಬೈಲ್ ಸಾಕು. ಬೇಕಾದದ್ದು ಶಿಸ್ತು. ಹಿಂದೆ ಒಂದು ಫಿಲ್ಮ್ ರೋಲಿಗೆ 36 ಚಿತ್ರ. ಒಂದೊಂದನ್ನೂ ಯೋಚಿಸಿಯೇ ತೆಗೆಯುತ್ತಿದ್ದರು. ಆ ಲೆಕ್ಕವನ್ನು ಇಂದೂ ಇಟ್ಟುಕೊಳ್ಳಬಹುದು. ಹಗಲಿನಲ್ಲಿ ಗಂಟೆಗೊಂದು ಚಿತ್ರ, ಒಂದೇ ಕಿಟಕಿಯಿಂದ. ಜೊತೆಗೆ ನೋಟ್‌ಬುಕ್ಕಿನಲ್ಲಿ ಸಮಯ, ಹತ್ತಿರದ ನಿಲ್ದಾಣ, ಮಣ್ಣಿನ ಬಣ್ಣ, ಕಂಡ ಬೆಳೆ. ಮನೆಗೆ ಬಂದು ಸಾಲಾಗಿ ಜೋಡಿಸಿದರೆ ಅಡಿಕೆ ತೋಟದ ಹಸಿರು ಹೇಗೆ ಹೆಜ್ಜೆಹೆಜ್ಜೆಯಾಗಿ ಬನ್ನಿಮರದ ಬೂದಿಬಣ್ಣವಾಯಿತೆಂಬುದು ತಾನೇ ಕಾಣುತ್ತದೆ. ಹೆಂಚಿನ ಮಾಡಿನಿಂದ ಧೋ ಎಂದು ಸುರಿಯುವ ನೀರನ್ನು ಚರಂಡಿಗೆ ಬಿಡುವ ಊರಿನ ಮಕ್ಕಳು, ಮಾಡಿನ ನೀರನ್ನು ‘ಟಾಂಕಾ’ ಎಂಬ ನೆಲದೊಳಗಿನ ತೊಟ್ಟಿಯಲ್ಲಿ ಕೂಡಿಟ್ಟು ಕುಡಿಯುವ ಊರನ್ನು ನೋಡಿ ಬಂದಂತಾಗುತ್ತದೆ.

ಬರೆದಿಟ್ಟ ಚಿತ್ರದ ಬೆಲೆ ಏನೆಂಬುದನ್ನು ತಿಳಿಯಲು ಥಾರ್‌ವರೆಗೆ ಹೋಗಬೇಕಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಂ ರೈಲು ಓಡುತ್ತಿತ್ತು. ಇಂದು ಆ ರೈಲೂ ಇಲ್ಲ, ಹಳಿಯೂ ಇಲ್ಲ. ದಿನವೂ ಅದರಲ್ಲಿ ಓಡಾಡಿದವರಿಗೆ ಅದು ಚಿತ್ರ ತೆಗೆದಿಡಬೇಕಾದ ಸಂಗತಿ ಅನ್ನಿಸಿರಲಾರದು. ಯಾರ ಮನೆಯ ಅಟ್ಟದ ಟ್ರಂಕಿನಲ್ಲಾದರೂ ಅದರ ಒಂದು ಹಳೆಯ ಚಿತ್ರವಿದ್ದರೆ ಅದೀಗ ಊರಿನ ಆಸ್ತಿ. ಮರುಭೂಮಿಗೆ ಹೊರಡುವ ಮುನ್ನ ಮಕ್ಕಳು ಅಜ್ಜ ಅಜ್ಜಿಯರನ್ನು ಕೂರಿಸಿ ಆ ಟ್ರಂಕನ್ನು ಒಮ್ಮೆ ತೆಗೆಸಲಿ.