ತೆನೆಯಲ್ಲಿ ಕಾಳು ಕಟ್ಟಿಸುವ ಪ್ರೋಟೀನು

ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ 1972ರಲ್ಲಿ ಹೊರಬಂತು. ಆ ಬೀಜದ ಹಿಂದೆ ಕೂಲಿಯವರ ಕೈಗಳಿದ್ದವು: ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತುಹಾಕುವುದು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರುವುದು. ಹತ್ತಿಯ ಹೂವು ದೊಡ್ಡದು, ಆದ್ದರಿಂದ ನಡೆಯಿತು. ಗದಗ-ಮುಂಡರಗಿ ಕಡೆ ನಿತ್ಯದ ರೊಟ್ಟಿಯ ಜೋಳದಲ್ಲಿ ಇದು ಆಗದ ಮಾತು. ಒಂದೇ ತೆನೆಯಲ್ಲಿ ಸಾವಿರಾರು ಹೂಗಳು, ಒಂದೊಂದೂ ಕಾಳಿಗಿಂತ ತುಸು ದೊಡ್ಡದು ಅಷ್ಟೆ.

ದಾರಿ ತೆರೆದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. 1954ರಲ್ಲಿ ಸ್ಟೀಫನ್ಸ್ ಮತ್ತು ಹಾಲೆಂಡ್, ಮೈಲೋ ತಳಿಯ ತಾಯಿಗೆ ಕಾಫಿರ್ ತಳಿಯನ್ನು ಕೂಡಿಸುತ್ತ ಹೋದಾಗ ಪರಾಗವೇ ಇಲ್ಲದ ಜೋಳ ಸಿಕ್ಕಿತೆಂದು ವರದಿ ಮಾಡಿದರು. ಅದನ್ನೇ ಹೆಣ್ಣು ತಳಿಯಾಗಿಸಿದರೆ ಕೇಸರ ಕೀಳುವ ಗೋಜಿಲ್ಲ. ಭಾರತದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಇದೇ ಬಲದಿಂದ 1964ರಲ್ಲಿ ಬಂತು. ಆದರೆ ರೈತನಿಗೆ ಬೇಕಾದದ್ದು ಕಾಳು. ಬಂಜೆತನ ಹೊಲಕ್ಕೂ ಬಂದರೆ ಜೊಳ್ಳು ತೆನೆಯೇ ಗತಿ. ಹಾಗಾಗಿ ಗಂಡು ತಳಿ ಅದನ್ನು ನೀಗಿಸುವ ಜೀನನ್ನು ಹೊತ್ತು ತರಬೇಕು.

ಈ ಜೀನಿನ ಕೆಲಸ ಸೊಗಸಾದದ್ದು. ಬಂಜೆತನದ ಮೂಲ ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿದೆ. ಅದಕ್ಕೆ ತನ್ನದೇ ಡಿಎನ್‌ಎ ಉಂಟು, ಅದು ತಾಯಿಯಿಂದ ಮಾತ್ರ ಬರುತ್ತದೆ. ಭತ್ತ, ಪೆಟೂನಿಯಾಗಳಲ್ಲಿ ಕಂಡಂತೆ, ಅಲ್ಲಿನ ಒಂದು ಅಡ್ಡಾದಿಡ್ಡಿ ಜೀನಿನ ಆರ್‌ಎನ್‌ಎ ಪರಾಗವನ್ನು ಕೆಡಿಸುವ ಪ್ರೋಟೀನಿಗೆ ಕಾರಣ. ತಂದೆಯ ಜೀನು ಕೊಡುವ ಪಿಪಿಆರ್ ಎಂಬ ಪ್ರೋಟೀನು ಆ ಆರ್‌ಎನ್‌ಎಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ. ಸುಮಾರು 35 ಅಮೈನೋ ಆಮ್ಲಗಳ ತುಣುಕುಗಳನ್ನು ಸಾಲಾಗಿ ಜೋಡಿಸಿದ ರಚನೆ ಅದು. ಒಂದೊಂದು ತುಣುಕು ಆರ್‌ಎನ್‌ಎಯ ಒಂದೊಂದು ಅಕ್ಷರವನ್ನು ಗುರುತಿಸುತ್ತದೆ. ಮನುಷ್ಯರಲ್ಲಿ ಪಿಪಿಆರ್ ಜೀನುಗಳು ಹತ್ತರೊಳಗೆ. ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ 400ಕ್ಕೂ ಹೆಚ್ಚು! ಜೋಳದ ಆರ್‌ಎಫ್1 ಎಂಬ ಜೀನೂ ಇದೇ ಕುಟುಂಬದ್ದೆಂದು 2005ರಲ್ಲಿ ಸಂಶೋಧಕರು ಬೊಟ್ಟುಮಾಡಿದರು.

ಇಷ್ಟಾದರೂ ನಮ್ಮ ಎರೆ ಹೊಲಗಳ ಹಿಂಗಾರಿಯಲ್ಲಿ ಹೈಬ್ರಿಡ್ ಗೆಲ್ಲಲಿಲ್ಲ. ಅಲ್ಲಿ ಇಂದಿಗೂ ಮಾಲದಂಡಿಯದೇ ದರ್ಬಾರು. 1930ರ ದಶಕದಲ್ಲಿ ಮಹಾರಾಷ್ಟ್ರದ ಮೋಹೋಳದಲ್ಲಿ ನಾಟಿ ಜೋಳದಿಂದ ಆಯ್ದ ಎಂ35-1 ಅದು. ರೊಟ್ಟಿಯ ರುಚಿ, ಕಣಿಕೆಯ ಗುಣ, ಸುಳಿನೊಣದ ಕಾಟ ಎಲ್ಲವೂ ಇದಕ್ಕೆ ಕಾರಣ. ಜೊತೆಗೆ ಇನ್ನೊಂದಿದೆ: ಹಿಂಗಾರಿ ಜೋಳ ಹೂಬಿಡುವುದು ಚಳಿಯಲ್ಲಿ, ಆ ರಾತ್ರಿಗಳಲ್ಲಿ ಹಲವು ಹೈಬ್ರಿಡ್‌ಗಳ ಪರಾಗ ಪೂರ್ತಿ ಚೇತರಿಸಿಕೊಳ್ಳದೆ ತೆನೆಯಲ್ಲಿ ಕಾಳು ವಿರಳವಾಗುತ್ತದೆ. ಚಳಿಗೂ ಜಗ್ಗದ ಗಂಡು ತಳಿಯ ಹುಡುಕಾಟ ತಳಿ ವಿಜ್ಞಾನಿಗಳಿಗೆ ಈಗಲೂ ಮುಗಿದಿಲ್ಲ.